ಒಂದು ರೂಪಾಯಿಯ ವಿಮಾನ

ನನ್ನ ನೆಗೆಣ್ಣಿ ವಿಮಾನ ಹತ್ತಿದ್ದಕ್ಕೆ ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಂಬುವುದೂ ಬೇಡ. ಉರಿಯಿತು. ಅವಳು ನನ್ನ ಮೈದುನನ ಹೆಂಡತಿ, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿರುವವಳು, ಓದಿದ್ದು ಏಳನೇ ಇಯತ್ತೆ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರು. ಮನೆತನದಲ್ಲಿ ಏನೇ ತಿಳಿಯದಿದ್ದರೂ ನನ್ನನ್ನೇ ಕೇಳುವುದು ರೂಢಿ. ಅಂಥದ್ದರಲ್ಲಿ ನನಗೊಂದು ಮಾತು ಹೇಳದೆ ಅವಳು ಅತ್ತೆಯನ್ನು ಕರೆದುಕೊಂಡು ಹೈದರಾಬಾದಿನಿಂದ ದಿಲ್ಲಿಗೆ ಹಾರಿ, ನಾದಿನಿಯ ಕೂಸನ್ನು ನೋಡಿಕೊಂಡು ಬಂದಳು. ಅದೂ ಒಂದು ರೂಪಾಯಿ ಟಿಕೆಟ್ಟಿನಲ್ಲಿ.

ಅಗ್ಗದ ವಿಮಾನಗಳು ಆಗಿನ್ನೂ ಹೊಸವು. ಪೇಪರಿನಲ್ಲಿ ಅಂಥ ಜಾಹೀರಾತು ನಾನೂ ನೋಡಿದ್ದೆ, ಪುಟ ತಿರುವಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆ ತಮಗಾಗಿ ಯಾರಿಂದಲೂ ಪೈಸೆ ಖರ್ಚು ಮಾಡಿಸಿದವರಲ್ಲ. ಮೊಣಕಾಲು ನೋವಿನಿಂದ ಅಷ್ಟು ದೂರ ರೈಲಿನಲ್ಲಿ ಕೂರಲಾರದೆ ದಿಲ್ಲಿಯ ಆಸೆಯನ್ನೇ ಬಿಟ್ಟಿದ್ದರು. ಈಗ ಮನೆಗೆ ಬಂದವರಿಗೆಲ್ಲ ಒಂದೇ ಕಥೆ.

“ನಮ್ಮ ಸಣ್ಣ ಸೊಸಿ ಭಾಳ ಶಾಣ್ಯಾಕಿ ನೋಡ್ರಿ. ಒಂದ್ ರೂಪಾಯ್ದಾಗ ದಿಲ್ಲಿ ತೋರ್ಸಿಕೊಂಡು ಬಂದ್ಲು.”

ಶಾಣ್ಯಾಕಿಯಂತೆ, ಜಾಣೆಯಂತೆ. ನಾನು ಸೊಸೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಆ ಮಾತು ನನಗೇ ಮೀಸಲಾಗಿತ್ತು.

ಒಂದು ದಿನ ಶಾಲೆ ಬಿಟ್ಟ ಮೇಲೆ ಜಗತ್ ಸರ್ಕಲ್ ಹತ್ತಿರ ಟಿಕೆಟ್ ಮಾಡಿಕೊಡುವ ಅಂಗಡಿಗೆ ಹೋಗಿ, ನನಗೂ ಒಂದು ರೂಪಾಯಿ ಟಿಕೆಟ್ ಬೇಕೆಂದೆ. ಅಂಗಡಿಯ ಸಾಹೇಬರು ಕಂಪ್ಯೂಟರನ್ನು ನನ್ನತ್ತ ತಿರುಗಿಸಿದರು.

“ಟಿಕೆಟ್ ಒಂದೇ ರೂಪಾಯ್ರಿ ಮೇಡಂ, ಖರೇ ಅದ. ಆದ್ರ ಎಣ್ಣಿ ಖರ್ಚಂತ ಬ್ಯಾರೆ ಹಾಕ್ತಾರ. ನಿಲ್ದಾಣದ ಫೀ ಬ್ಯಾರೆ, ಟ್ಯಾಕ್ಸ್ ಬ್ಯಾರೆ. ಅದರ ಮ್ಯಾಲ ನಮ್ದೊಂದೀಟು.”

“ಎಣ್ಣಿ ಖರ್ಚು ಬಿಡಂಗಿಲ್ಲೇನ್ರಿ?”

“ಅದನ್ನ ಬಿಟ್ರ ವಿಮಾನ ಹ್ಯಾಂಗ ಹಾರ್ತದ್ರಿ?”

ಕೆಳಗಿನ ಮೊತ್ತ ನೋಡಿದೆ. ಸೀರೆಯನ್ನು ಪುಕ್ಕಟೆ ಕೊಟ್ಟು, ಫಾಲ್ ಹೊಲಿದದ್ದಕ್ಕೆ ಸೀರೆಯ ಬೆಲೆ ಕೇಳಿದಂತಿತ್ತು. ನನಗೆಲ್ಲಿ ಟಿಕೆಟ್ ಬೇಕಿತ್ತು? ಒಂದೊಂದು ಬಾಬನ್ನೂ ಬಾಯಿಪಾಠ ಮಾಡಿಕೊಂಡು, ಬಹಳ ದಿನಗಳ ಮೇಲೆ ಖುಷಿಯಾಗಿ ಮನೆಗೆ ಬಂದೆ.

ಭಾನುವಾರವೇ ಕಮಲಾಪುರದ ಬಸ್ಸು ಹಿಡಿದೆ. ನೆಗೆಣ್ಣಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಅಲ್ಲೇ ಗೋಡೆಗೊರಗಿ ಶೇಂಗಾ ಸುಲಿಯುತ್ತಿದ್ದರು. ಕೊಟ್ಟ ನೀರು ಕುಡಿಯುವ ಮೊದಲೇ ಶುರು ಮಾಡಿದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಎಣ್ಣೆ ಖರ್ಚು, ಫೀ, ಟ್ಯಾಕ್ಸು ಎಲ್ಲವನ್ನೂ ಬಿಡಿಸಿ ಹೇಳಿದೆ. ನೆಗೆಣ್ಣಿ ಅತ್ತೆಗೆ ಕಾಣದಂತೆ ಕಣ್ಣಲ್ಲೇ ಬೇಡ, ಬೇಡ ಎನ್ನುತ್ತಿದ್ದಳು. ಅದನ್ನು ನೋಡಿದಷ್ಟೂ ನನಗೆ ಹುರುಪು ಹೆಚ್ಚಿತು. ಇಬ್ಬರೂ ಹೋಗಿ ಬಂದ ದುಡ್ಡಿಗೆ ಒಂದು ಒಳ್ಳೆಯ ಆಕಳೇ ಬರುತ್ತಿತ್ತು ಎಂದು ಮುಗಿಸಿದೆ. ರೊಟ್ಟಿಯ ಸಪ್ಪಳ ನಿಂತಿತು.

“ಖರೇ ಏನವಾ?” ಅತ್ತೆ ಅವಳನ್ನು ಕೇಳಿದರು.

“ಖರೇ ರೀ ಅತ್ತಿ. ರೊಕ್ಕದ್ದು ಹೇಳಿದ್ರ ನೀವು ಬರ್ತಿದ್ದಿಲ್ಲ. ಕೂಸಿನ ಮಾರಿ ನೋಡ್ಲಿ ಅಂತ ಹಂಗ ಹೇಳಿದ್ನಿ. ಫ್ರಿಜ್ಜಿಗಂತ ಇಟ್ಟಿದ್ದು ಇತ್ತು, ಅದನ್ನ ಹಾಕಿದ್ನಿ.”

ಈಗ ಬೈಗುಳ ಬೀಳುತ್ತದೆ ಎಂದು ಕಾದೆ. ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದವರು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಮಗಳಿಗೆಂದು ತೆಗೆದಿಟ್ಟಿದ್ದ ಹೊಸ ಇಳಕಲ್ ಸೀರೆ ಇಟ್ಟುಕೊಂಡು ಬಂದರು. ಕೈ ತೊಳೆದುಕೊಂಡು ಬಾ ಎಂದು ಅವಳನ್ನು ಮಣೆಯ ಮೇಲೆ ಕೂರಿಸಿದರು. ಹೆತ್ತ ಮಗಳಿಗೆ ಮಡಿಲು ತುಂಬುವಂಥ ಉಡಿ ಅದು. ನನ್ನನ್ನು ಅವರು ಹಾಗೆ ಎಂದೂ ಕೂರಿಸಿರಲಿಲ್ಲ.

ನಮ್ಮಲ್ಲಿ ಗಂಡ ಇಲ್ಲದವರು ಉಡಿ ತುಂಬುವುದಿಲ್ಲ. ಅತ್ತೆ ಮೊರವನ್ನು ನನ್ನ ಕೈಗಿಟ್ಟರು.

“ನನ್ನ ಕೈಲೆ ನಡಿಯಂಗಿಲ್ಲ, ನೀ ತುಂಬವಾ. ನೀ ಬಂದು ಹೇಳದಿದ್ರ ಈಕಿ ಮಾಡಿದ್ದು ನನಗ ತಿಳೀತಾನ ಇದ್ದಿಲ್ಲ.”

ನೆಗೆಣ್ಣಿ ತಲೆ ತಗ್ಗಿಸಿ ಸೆರಗು ಒಡ್ಡಿದಳು. ಒಳಗೆ ಧಗಧಗ ಉರಿಯುತ್ತಿದ್ದರೂ, ಒಂದು ಕಾಳೂ ಚೆಲ್ಲದಂತೆ ನಾನು ಬೊಗಸೆ ಬೊಗಸೆ ಅಕ್ಕಿ ಹಾಕಿದೆ.