ಖಾಲಿ ಬಿಟ್ಟಿದ್ದ ಕಾಲಂ

ಪೇಂಟರ್ ಅನ್ನಿಸಿಕೊಂಡವನ ಅಂಗಡಿಗೇ ಬೋರ್ಡಿರಲಿಲ್ಲ. ನನ್ನ ಹೊಲಿಗೆ ಅಂಗಡಿಯ ಪಕ್ಕದ ಗೂಡಿನಲ್ಲಿ ಕೂತು ಗಾಡಿಗಳಿಗೆ ನಂಬರ್ ಬರೆಯುತ್ತಿದ್ದ. ನಂಬರಪ್ಪ ಅಂತ ಹೆಸರಿಟ್ಟವಳು ನಾನೇ. ಅದನ್ನೂ ಕೈಯಲ್ಲಿ ಬರೆಯುತ್ತಿರಲಿಲ್ಲ, ತಗಡಿನ ಅಚ್ಚಿಟ್ಟು ಬಣ್ಣ ಬಳಿಯುತ್ತಿದ್ದ. ಇಷ್ಟು ಕೆಲಸಕ್ಕೆ ಪೇಂಟರ್ ಯಾಕೆ, ಶಾಲೆ ಮಗು ಸಾಕಲ್ಲ ಅಂತ ರೇಗಿಸಿದರೆ ನಕ್ಕುಬಿಡುತ್ತಿದ್ದ. ಎಲುಬಿಲ್ಲದ ನಾಲಿಗೆ ನಂದು, ಸುಮ್ಮನಿದ್ದರೆ ತಾನೇ.

ನಿಜ ತಿಳಿದದ್ದು ಅವನ ಮಗಳು ರವಿಕೆ ಅಳತೆಗೆ ಬಂದಾಗ. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಹಾಗೇ ಒತ್ತಿತ್ತು. ಗಂಡನ ಕೆಲಸ. ಸ್ಕೂಟರ್ ಹತ್ತಿ ಅಪ್ಪನ ಹತ್ತಿರ ಓಡಿಬಂದಿದ್ದಳಂತೆ. ಅಪ್ಪ ಬೋರ್ಡು ಬರೆಯುವ ದೊಡ್ಡ ಅಂಗಡಿ ಮುಚ್ಚಿ, ನಗರದ ಆ ತುದಿಯಿಂದ ಈ ತುದಿಗೆ ಬಂದು ಅವಳನ್ನು ಬಚ್ಚಿಟ್ಟುಕೊಂಡಿದ್ದ. ಅಳಿಯನ ಕಾರಿನ ನಂಬರ್ ಬರೆದುಕೊಟ್ಟವನು ಇವನೇ. ಆ ಕೈಬರಹ ಎಲ್ಲಿ ಕಂಡರೂ ಅಳಿಯನಿಗೆ ಗುರುತು ಸಿಗುತ್ತದೆ. ಅದಕ್ಕೇ ಬೋರ್ಡಿಲ್ಲ, ಅದಕ್ಕೇ ಅಚ್ಚು. ಎರಡು ವರ್ಷದಿಂದ ಒಂದಕ್ಷರ ಕೈಯಾರೆ ಬರೆದಿರಲಿಲ್ಲ.

"ಇನ್ನೊಂದ್ಸಲ ಕೈಗೆ ಸಿಕ್ಕಿದ್ರೆ ಅವನು ನನ್ನ ಉಳಿಸಲ್ಲ, ಆಂಟಿ" ಅಂದಳು. ಆಮೇಲೆ ಬಹಳ ದಿನ ನಾನು ಅವನನ್ನು ರೇಗಿಸಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ಮೂಲೆಗೆ ಕಂಬ ಬಂತು, ಕಂಬದ ತಲೆಗೆ ಹೋಗೋ ಬರೋ ಗಾಡಿಗಳ ನಂಬರ್ ಓದುವ ಕ್ಯಾಮೆರಾ. ಬೀದಿಗೆ ಬೀದಿಯೇ ಕೆರಳಿತು. ನಮ್ಮ ಓಡಾಟದ ಲೆಕ್ಕ ಇಡೋಕೆ ಇವರ್ಯಾರು ಅಂತ ನಿವೃತ್ತ ಮೇಷ್ಟ್ರು ಭಾಷಣ ಬಿಗಿದರು. ಬೇಕರಿಯವನಿಗೆ ತನ್ನ ಬೈಕು ಮಧ್ಯಾಹ್ನ ಯಾರ ಮನೆ ಮುಂದೆ ನಿಲ್ಲುತ್ತೆ ಅಂತ ಹೆಂಡತಿಗೆ ಗೊತ್ತಾಗುವ ಭಯ. ನಂಬರಪ್ಪನದು ಮಾತ್ರ ಪ್ರಾಣಭಯ. ಕ್ಯಾಮೆರಾ ಕಚೇರಿಯಲ್ಲಿ ಪರದೆ ಮುಂದೆ ಕೂರುವವರಲ್ಲಿ ಅಳಿಯನ ಗೆಳೆಯನೊಬ್ಬನಿದ್ದ. ಮಗಳ ಸ್ಕೂಟರ್ ಒಂದು ಸಲ ಕಂಬ ದಾಟಿದರೆ ಕಥೆ ಮುಗೀತು. ಅವಳು ಸ್ಕೂಟರಿಗೆ ಗೋಣಿ ಹೊದಿಸಿ, ಲಾಂಡ್ರಿ ಕೆಲಸಕ್ಕೆ ನಡೆದೇ ಹೋಗತೊಡಗಿದಳು.

ಕ್ಯಾಮೆರಾ ಇನ್ನೂ ಚಾಲೂ ಆಗಿಲ್ಲ ಅಂದುಕೊಂಡು ಆ ಕಚೇರಿಗೇ ಆಕ್ಷೇಪಣೆ ಅರ್ಜಿ ಬರೆದೆವು. ಮನೆ ವಿಳಾಸ, ಗಾಡಿ ನಂಬರ್, ಸಹಿ ಅಂತ ಮೂರು ಕಾಲಂ. ಮನೆಮನೆಗೆ ಹೋಗಿ ಸಹಿ ಹಾಕಿಸಿದವಳು ನಾನು. ನಂಬರಪ್ಪನ ಮಗಳು ಸಹಿ ಅಂತ ಏನೋ ಗೀಚಿ, ನಂಬರಿನ ಕಾಲಂ ಖಾಲಿ ಬಿಟ್ಟಳು. ಆ ಹಾಳೆಗಳ ಮೇಲೆ ಟೀ ಬಿದ್ದು ರಾದ್ಧಾಂತವಾಯಿತು. ಪ್ರತಿ ಮಾಡಿಕೊಡು, ನಿಂಗೆ ಕೈಬರಹ ಅನ್ನೋದೊಂದು ಇದೆಯೋ ಇಲ್ಲವೋ ನೋಡೇಬಿಡೋಣ ಅಂತ ನಂಬರಪ್ಪನಿಗೆ ಅಂದೆ. ಅಂದೆನಲ್ಲ! ಗೊತ್ತಿದ್ದೂ ಅಂದೆ. ಅಚ್ಚಿನಲ್ಲಿ ಅರ್ಜಿ ಬರೆಯೋಕಾಗುತ್ತಾ? ಅರ್ಜಿ ಕಚೇರಿಯ ಕಪಾಟು ಸೇರುತ್ತೆ, ಪರದೆ ಮುಂದೆ ಕೂರೋರು ಅದನ್ನೆಲ್ಲಿ ನೋಡ್ತಾರೆ ಅಂದುಕೊಂಡೆವು.

ಭಾನುವಾರವಿಡೀ ಬರೆದ. ಅಕ್ಷರ ಅಂದರೆ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಮಗಳ ಸಾಲಿಗೆ ಬಂದಾಗ ಕೈ ತಡೆಯಿತು. ಒಂದು ಕಾಲಂ ಖಾಲಿ ಬಿಟ್ಟರೂ ಇಡೀ ಅರ್ಜಿ ತಿರಸ್ಕಾರ ಮಾಡ್ತಾರೆ ಅಂದೆ ನಾನು, ದೊಡ್ಡ ಲಾಯರ್ ಥರ. ನಂಬರ್ ತುಂಬಿದ.

ಕಚೇರಿಯವರು ನಿಯಮದ ಪ್ರಕಾರ ಅರ್ಜಿಯನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು. ಯಾರು ಬೇಕಾದರೂ ಓದಬಹುದಿತ್ತು.

ಮೂರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಬಿಳಿ ಕಾರು ಬಂತು. ಅವಳು ಅಪ್ಪನಿಗೆ ಊಟದ ಡಬ್ಬಿ ತಂದಿದ್ದಳು. ಅಳಿಯ ಇಳಿದು, ಬಾಗಿ ನಮಸ್ಕಾರ ಮಾಡಿದ.

"ಅಕ್ಷರ ಮಾತ್ರ ಹಾಗೇ ಇದೆ, ಮಾವ. ಗೋಡೇಲಿ ಸ್ಕೂಟರ್ ನಂಬರ್ ನೋಡಿದ ತಕ್ಷಣ ನನ್ನ ಗೆಳೆಯ ಫೋನ್ ಮಾಡಿದ."

ಬಣ್ಣಕ್ಕೆ ಬೆರೆಸುವ ಟರ್ಪಂಟೈನ್ ಡಬ್ಬ ಎತ್ತಿ ನಂಬರಪ್ಪನ ಮಡಿಲಿಗೆ ಸುರಿದ. ಜೇಬಿನಿಂದ ಲೈಟರ್ ತೆಗೆದು ಹೆಂಡತಿಯ ಕಡೆ ನೋಡಿದ. ಅವಳು ಊಟದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ತಾನೇ ನಡೆದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ನನ್ನ ಕೈಯಲ್ಲಿ ಕತ್ತರಿ ಇತ್ತು. ನಾನು ಕೂತಲ್ಲಿಂದ ಏಳಲೂ ಇಲ್ಲ.

ದೂರು ಕೊಡಲು ಹೋದರೆ ಸ್ಟೇಷನ್ನಿನಲ್ಲಿ ಕಂಬದ ಕ್ಯಾಮೆರಾದ ಫೋಟೋ ತೋರಿಸಿದರು. ಪರೀಕ್ಷೆಗೆ ಅಂತ ಆಗಲೇ ಚಾಲೂ ಮಾಡಿದ್ದರಂತೆ. ಸೀಟಿನಲ್ಲಿ ನೆಟ್ಟಗೆ ಕೂತಿದ್ದಾಳೆ, ಕೈ ಕಟ್ಟಿಲ್ಲ, ಬಾಯಿ ಕಟ್ಟಿಲ್ಲ. ಗಂಡನ ಜೊತೆ ಹೆಂಡತಿ ಹೋದರೆ ಕೇಸು ಏನು ಬಂತು ಅಂತ ಕಳಿಸಿದರು. ಒಂಬತ್ತನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. ಹೆಣದ ಗುರುತು ಹಿಡಿಯಲು ಅಪ್ಪನೇ ಹೋದ. ಬೆನ್ನು ನೋಡಿ ಗುರುತು ಹಿಡಿದನಂತೆ.

ಅಳಿಯನ ಕಾರು ಎಲ್ಲಿ ಅಡಗಿತ್ತು ಅಂತ ಕ್ಯಾಮೆರಾನೇ ಹಿಡಿದುಕೊಟ್ಟಿತು. ಬೀದಿಯವರಿಗೆ ಈಗ ಕ್ಯಾಮೆರಾ ದೇವರು. ಮೇಷ್ಟ್ರು ಆಕ್ಷೇಪಣೆ ವಾಪಸ್ ತಗೊಳ್ಳೋ ಅರ್ಜಿ ಹಿಡಿದು ನಂಬರಪ್ಪನ ಹತ್ತಿರವೇ ಬಂದರು. ಅಕ್ಷರ ಚೆನ್ನಾಗಿದೆ, ನೀನೇ ಪ್ರತಿ ಮಾಡಿಕೊಡಪ್ಪ ಅಂದರು. ನಾಚಿಕೆ ಅನ್ನೋದು ಮೂರು ಕಾಸಿಗೂ ಇಲ್ಲ. ಅವನು ಬರೆದುಕೊಟ್ಟ, ಕೈಯಾರೆ. ಇನ್ನು ಬಚ್ಚಿಡಲು ಏನಿತ್ತು?

ಬರೆದು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕುತ್ತಾ ಕೇಳಿದ. "ಅಕ್ಕ, ಆವತ್ತು ಆ ಕಾಲಂ ಖಾಲಿ ಬಿಟ್ಟಿದ್ರೆ, ಅರ್ಜಿ ನಿಜವಾಗ್ಲೂ ತಿರಸ್ಕಾರ ಆಗ್ತಿತ್ತಾ?"

ನಾನು ಆಮೇಲೆ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದೆ. ಅಂಥ ನಿಯಮವೇ ಇರಲಿಲ್ಲ.

"ಹೂಂ, ಆಗ್ತಿತ್ತು" ಅಂದೆ.