ಹಡಗಿನ ಪಿಚ್ಚರಿಗೆ ದೊಡ್ಡಪ್ಪನ ಅರ್ಥ

ಏಷ್ಯಾದ ಒಳ್ಳೆಯ ಸಿನಿಮಾಗಳು ಯಾವುವು, ಒಂದೆರಡು ಹೆಸರು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ತಬ್ಬಿಬ್ಬಾಗುತ್ತೇನೆ. ನೋಡಿಲ್ಲ ಎಂದಲ್ಲ. ನಮ್ಮ ಕಡೆಗೆ ಇಂಟರ್ನೆಟ್ಟು ನೆಟ್ಟಗೆ ಬರುವ ಮೊದಲೇ ಚೀನಾ, ಜಪಾನು, ಕೊರಿಯಾಗಳ ಸಿನಿಮಾ ನೋಡಿದವಳು ನಾನು. ಆದರೆ ನಾನು ನೋಡಿದ ಕಥೆಗಳು ಕುಂದಾಪುರದ ಬಳಿಯ ತ್ರಾಸಿಯ ನಮ್ಮ ಮನೆಯ ಚಾವಡಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ನಡೆದಿಲ್ಲ.

ಆಗೆಲ್ಲ ಮಳೆಗಾಲ ಹಿಡಿದು ಮೀನುಗಾರಿಕೆ ನಿಂತಿತೆಂದರೆ ನಮ್ಮ ಕೇರಿಯ ಗಂಡಸರು ಮನೆಯಲ್ಲಿ ಕೂತು ಹೆಂಗಸರ ತಲೆ ತಿನ್ನುವ ಕಾಲ. ದೋಣಿಗಳು ದಡ ಸೇರಿ ತೆಂಗಿನ ಮಡಲು ಹೊದ್ದುಕೊಳ್ಳುತ್ತಿದ್ದವು. ಮನೆಯೊಳಗೆಲ್ಲ ಒದ್ದೆ ಬಲೆಯ ವಾಸನೆ, ಅದರ ಮೇಲೆ ಸುಟ್ಟ ಒಣಮೀನಿನ ವಾಸನೆ, ಸಂಜೆಗೆ ಕೆಂಡದಲ್ಲಿ ಸಿಡಿಯುವ ಹಲಸಿನ ಬೀಜದ ವಾಸನೆ. ನಾನಾಗ ಐದನೆಯ ಕ್ಲಾಸು. ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜೆಗೆ ಬಂದವನು ಒಂದು ಡಿವಿಡಿ ಪ್ಲೇಯರನ್ನೂ ಚೀಲದ ತುಂಬ ಡಿಸ್ಕುಗಳನ್ನೂ ಕೊಟ್ಟು ಮತ್ತೆ ಹಡಗು ಹತ್ತಿದ. ಡಿಸ್ಕಿನ ಮೇಲಿದ್ದ ಹೆಸರು ಓದಲು ಬರುವವರು ಕೇರಿಯಲ್ಲಿ ಯಾರೂ ಇರಲಿಲ್ಲ. ಯಾವ ದೇಶದ್ದೇ ಆಗಲಿ, ನಾವು ಎಲ್ಲದಕ್ಕೂ 'ಹಡಗಿನ ಪಿಚ್ಚರ್' ಎನ್ನುತ್ತಿದ್ದೆವು.

ಮೊದಲ ದಿನ ಮಧ್ಯಾಹ್ನ ಅರ್ಧ ಕೇರಿ ನಮ್ಮ ಚಾವಡಿಯಲ್ಲಿತ್ತು. ಕತ್ತಿ ಹಿಡಿದ ಒಬ್ಬ ಮನೆಯ ಮಾಡಿನಿಂದ ಮಾಡಿಗೆ ಹಾರಿದ, ಬಿದಿರ ತುದಿಯಲ್ಲಿ ನಿಂತ. ಅಲ್ಲಿಯವರೆಗೆ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಅವನು ಕೆಳಗಿಳಿದು ಮಾತಾಡಲು ಶುರುಮಾಡಿದ. ಪರದೆಯ ಕೆಳಗೆ ಅಕ್ಷರಗಳು ಬಂದವು, ಅವೂ ಚೀನೀ ಅಕ್ಷರಗಳೇ.

"ಎಂತ ಹೇಳ್ತ ಅವ?" ಎಂದು ಅಜ್ಜಿ ಕೇಳಿದಳು.

ಗೋಡೆಗೊರಗಿ ಕೂತಿದ್ದ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

ನಮ್ಮ ಶೀನ ದೊಡ್ಡಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವನಿಗೆ ತಾಳಮದ್ದಲೆಯ ಹುಚ್ಚು. ಬಣ್ಣ, ವೇಷ ಇಲ್ಲದೆ ಕೂತೇ ನಡೆಸುವ ಯಕ್ಷಗಾನ ಅದು: ಭಾಗವತರು ಒಂದು ಪದ್ಯ ಹಾಡುತ್ತಾರೆ, ಪಾತ್ರಧಾರಿ ಆ ಪದ್ಯಕ್ಕೆ ಅಲ್ಲೇ ಮಾತು ಹೊಸೆದು ಅರ್ಥ ಹೇಳುತ್ತಾನೆ. ಭಜನಾ ಮಂದಿರದ ತಾಳಮದ್ದಲೆಯಲ್ಲಿ ಒಮ್ಮೆ ದೊಡ್ಡಪ್ಪನಿಗೆ ದೂತನ ಪಾತ್ರ ಸಿಕ್ಕಿತ್ತು. "ಅಪ್ಪಣೆ ಪ್ರಭು" ಎಂದು ಎದ್ದು ಹೋಗುವುದಷ್ಟೇ ಕೆಲಸ. ದೊಡ್ಡಪ್ಪ ಅಪ್ಪಣೆ ಎಂದರೇನು, ಪ್ರಭು ಎಂದರೆ ಯಾರು, ದೂತನಾದವನ ಸಂಸಾರದ ಕಷ್ಟವೇನು ಎಂದು ಬಿಡಿಸುತ್ತ ಹೋದ. ರಾಜನ ಪಾತ್ರದವರು ಎದ್ದು ಚಹಾ ಕುಡಿದು ಬಂದರೂ ದೂತ ಹೊರಟಿರಲಿಲ್ಲ. ಕೊನೆಗೆ ಭಾಗವತರೇ ತಾಳ ಬಡಿದು ಅವನನ್ನು ಹೊರಡಿಸಬೇಕಾಯಿತು. ಆಮೇಲೆ ಅವನಿಗೆ ಪಾತ್ರ ಕೊಟ್ಟವರಿಲ್ಲ. ದೋಣಿಯಲ್ಲೂ ಅವನು ಬಾಯಿ ತೆರೆದರೆ ಮೀನು ಓಡುತ್ತದೆಂದು ಉಳಿದವರು ಗದರುತ್ತಿದ್ದರು. ಒಮ್ಮೆಯಾದರೂ ರಾಜನ ಅರ್ಥ ಹೇಳಬೇಕೆಂಬ ಆಸೆಯನ್ನು ಅವನು ನನ್ನೆದುರು ಮಾತ್ರ ಆಡುತ್ತಿದ್ದ.

ಅಂಥವನಿಗೆ ಈಗ ಇಡೀ ಚಾವಡಿ ಎದುರಿಗಿತ್ತು.

"ಎಲೈ ದುರುಳನೇ!" ಎಂದು ದೊಡ್ಡಪ್ಪ ಶುರುಮಾಡಿದ. "ಬಾರ್ಕೂರಿನ ಗದ್ದೆ ನಿನ್ನ ಅಪ್ಪನದೆಂದು ತಿಳಿದೆಯಾ? ಅದು ನನ್ನ ಹೆಂಡತಿಯ ತವರಿನದು!" ಕತ್ತಿ ಹಿಡಿದವನು ಅಂದಿನಿಂದ ಬಾರ್ಕೂರಿನ ಅಳಿಯನಾದ. ಬಿಳಿ ಗಡ್ಡದ ಗುರು ಅವನ ಮಾವನಾದ. ಕರೆಂಟು ಹೋದರೂ ದೊಡ್ಡಪ್ಪ ನಿಲ್ಲಲಿಲ್ಲ. ಕತ್ತಲ ಪರದೆಯ ಮೇಲೆ ಯುದ್ಧ ಮಾಡಿಸಿ ದುರುಳನನ್ನು ಹೊಳೆಗೆ ಹಾಕಿಯೇಬಿಟ್ಟ. ಕರೆಂಟು ಬಂದು ಪಿಚ್ಚರ್ ಮುಂದುವರಿದಾಗ ಆ ದುರುಳ ಆರಾಮವಾಗಿ ಊಟ ಮಾಡುತ್ತಿದ್ದ. "ಅದ್ ಅವ್ನ್ ತಮ್ಮ" ಎಂದ ದೊಡ್ಡಪ್ಪ, ಒಂದಿಷ್ಟೂ ತಡವರಿಸದೆ.

ಅಲ್ಲಿಂದ ನಿತ್ಯ ಮಧ್ಯಾಹ್ನ ಪಿಚ್ಚರ್. ಹೆಂಗಸರು ಹಲಸಿನ ಹಪ್ಪಳ ಕಟ್ಟಿಕೊಂಡು ಬರುತ್ತಿದ್ದರು. ನಾವು ಮಕ್ಕಳು ಕ್ರಿಕೆಟ್ಟಿಗೆ ಬ್ಯಾಟಾಗಿದ್ದ ತೆಂಗಿನ ಕೊತ್ತಳಿಗೆಯನ್ನೇ ಕತ್ತಿ ಮಾಡಿಕೊಂಡು ಮಳೆಯಲ್ಲಿ ಬಾರ್ಕೂರಿನ ಗದ್ದೆಗಾಗಿ ಹೊಡೆದಾಡುತ್ತಿದ್ದೆವು. ಅಜ್ಜಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಕಪ್ಪುಬಿಳುಪು ಪಿಚ್ಚರ್. ಹಾರಾಟ, ಹೊಡೆದಾಟ ಒಂದೂ ಇಲ್ಲ. ಒಬ್ಬ ಮುದುಕ ಅಪ್ಪ, ಮದುವೆಯ ವಯಸ್ಸಿಗೆ ಬಂದ ಒಬ್ಬಳು ಮಗಳು, ಚಾಪೆಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟೇ. ಕೊನೆಯ ಹೊತ್ತಿಗೆ ಅಪ್ಪ ಎರಡೇ ಮಾತು ಆಡುತ್ತಾನೆ. ಆ ಎರಡು ಮಾತಿಗೆ ದೊಡ್ಡಪ್ಪ ಹೇಳುತ್ತಿದ್ದ ಅರ್ಥ ಇಂದಿಗೂ ನನ್ನ ಕಿವಿಯಲ್ಲಿದೆ:

"ಮಗಳೇ, ಮೀನು ಸಿಕ್ಕದ ದಿನವೂ ನಿನ್ನ ತಟ್ಟೆಗೆ ತುಂಡು ಹಾಕಿದ ಕೈ ಇದು. ನಾಳೆಯಿಂದ ಈ ಮನೆಯ ಒಲೆಯ ಬುಡದಲ್ಲಿ ಬೆಕ್ಕೊಂದೇ ಕೂರುತ್ತದೆ. ಹೋಗು. ತಿರುಗಿ ನೋಡಬೇಡ. ನೀ ತಿರ್ಗಿ ಕಂಡ್ರೆ ನಾ ಕಳ್ಸುದಿಲ್ಲೆ ಮಗಾ..."

ಕೊನೆಗೆ ಬರುವಾಗ ಅವನ ಗ್ರಾಂಥಿಕ ಭಾಷೆ ಕಳಚಿ ಬೀಳುತ್ತಿತ್ತು. ಮಗಳನ್ನು ಕೊಟ್ಟ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಆ ಮಾತು ಅವನಿಗೆ ಎಲ್ಲಿಂದ ಬರುತ್ತಿತ್ತೋ ಕಾಣೆ.

ಸುದ್ದಿ ಭಾಗವತರವರೆಗೆ ಹೋಯಿತು. ಮಳೆಗಾಲದ ತಾಳಮದ್ದಲೆ ಹತ್ತಿರ ಬಂದಿತ್ತು. "ಒಂದ್ ದಿನ ಬಂದ್ ಕೇಂತೆ ಮಾರಾಯಾ, ಮತ್ತೆ ಕಾಂಬ" ಎಂದು, ಕೇಳಿ ನೋಡಿದ ಮೇಲೆ ಪಾತ್ರದ ಮಾತು ಎನ್ನುವಂತೆ, ಅವರು ದೊಡ್ಡಪ್ಪನಿಗೆ ಹೇಳಿ ಕಳಿಸಿದರು. ದೊಡ್ಡಪ್ಪ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡ.

ಭಾಗವತರು ಬರುವ ದಿನಕ್ಕೆ ಸರಿಯಾಗಿ ಮುಂಬೈಯಿಂದ ದೊಡ್ಡಮ್ಮನ ತಂಗಿಯ ಮಗ ಗಣೇಶಣ್ಣ ಬಂದಿಳಿದಿದ್ದ. ಕಾಲೇಜು ಓದುವವನು, ಒಳ್ಳೆಯ ಹುಡುಗ. ಭಾಗವತರು ಎದುರಿಗೆ ಕೂತಿದ್ದರು. ದೊಡ್ಡಪ್ಪ ಅಪ್ಪ ಮಗಳ ಕಥೆಯನ್ನು ಕೊನೆಯವರೆಗೆ ತಂದು, ಒಲೆ, ಬೆಕ್ಕು ಎಲ್ಲ ಹೇಳಿ ಚಾವಡಿಯನ್ನು ಅಳಿಸಿ ಮುಗಿಸಿದಾಗ ಗಣೇಶಣ್ಣ ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ರಿಮೋಟನ್ನು ತೆಗೆದ. ಅದಕ್ಕೆ ನಾವು ಯಾರೂ ಬ್ಯಾಟರಿಯನ್ನೇ ಹಾಕಿರಲಿಲ್ಲ. ಅವನು ತನ್ನ ಸಣ್ಣ ಟಾರ್ಚಿನದು ಬಿಚ್ಚಿ ಹಾಕಿ, ಪಿಚ್ಚರನ್ನು ಸ್ವಲ್ಪ ಹಿಂದಕ್ಕೆ ಓಡಿಸಿ, ಒಂದು ಗುಂಡಿ ಒತ್ತಿದ. ಚೀನೀ ಅಕ್ಷರ ಹೋಗಿ ಇಂಗ್ಲಿಷ್ ಅಕ್ಷರ ಬಂತು.

"ಅರೆ ಯಾರ್! ಇದ್ರಗೆ ಇಂಗ್ಲಿಷ್ ಇತ್ತಲೆ!" ಎಂದು ಅವನು ಕುಣಿದ.

"ಅಪ್ಪ ಎಂತ ಹೇಳ್ತ? ಓದ್ ಕಾಂಬ" ಎಂದರು ಭಾಗವತರು.

ಗಣೇಶಣ್ಣ ಓದಿದ. "ಚಾ ತಣ್ಣಗಾಯ್ತ್ ಅಂಬ್ರ್."

"ಮತ್ತೆ?"

"ಮತ್ತೆಂತ ಇಲ್ಲೆ."

ಯಾರೋ ಕಿಸಕ್ಕೆಂದು ನಕ್ಕರು. ಒಬ್ಬರು ನಕ್ಕಮೇಲೆ ಕೇಳಬೇಕೆ, ಈಗಷ್ಟೇ ಅತ್ತ ಚಾವಡಿಯೇ ನಕ್ಕಿತು. ದೊಡ್ಡಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಹೊರಟುಹೋದ. ನನಗೆ ಗಣೇಶಣ್ಣನನ್ನು ಕಚ್ಚಿಬಿಡುವಷ್ಟು ಸಿಟ್ಟು ಬಂತು.

ಅವನು ಓದುತ್ತಲೇ ಇದ್ದ. ಮಗಳು "ಸರಿ" ಎಂದಳು. ಅಪ್ಪ "ಹೂಂ" ಎಂದ. ಚಾವಡಿ ಆಕಳಿಸತೊಡಗಿತು. ಕೊನೆಗೆ ಅಜ್ಜಿಗೆ ತಾಳ್ಮೆ ತಪ್ಪಿತು.

"ಹ್ವಾಯ್, ನಿಲ್ಸ್ ಮಾರಾಯಾ. ಆ ಮುದ್ಕ ಅಷ್ಟೊತ್ತ್ ಮೋರೆ ಸಣ್ಣ ಮಾಡ್ಕಂಡ್ ಕೂತದ್ದ್ ಚಾ ತಣ್ಣಗಾದ್ದಕ್ಕಾ? ಬಿಸಿ ಮಾಡ್ಕಂಡ್ ಕುಡುಕೆ ಎಂತ ರೋಗ ಅವ್ನಿಗೆ?"

ಅಜ್ಜಿ ಗಣೇಶಣ್ಣನ ಕೈಯಿಂದ ರಿಮೋಟು ಕಿತ್ತು, ಬ್ಯಾಟರಿ ಬಿಚ್ಚಿ ತನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. "ಹೆಣೆ, ಹೋಯ್ ದೊಡ್ಡಪ್ಪನ್ನ ಕರ್ಕಂಬಾ" ಎಂದು ನನ್ನನ್ನು ಅಟ್ಟಿದಳು.

ದೊಡ್ಡಪ್ಪ ದೋಣಿಯ ಮಡಲಿನ ಅಡಿಯಲ್ಲಿ ಮುದುಡಿ ಕೂತಿದ್ದ.

"ನಾ ಬತ್ತಿಲ್ಲೆ. ಅಲ್ಲಿ ಈಗ ಇಂಗ್ಲಿಷ್ ಬಂದಿತ್."

"ಅಜ್ಜಿ ಬ್ಯಾಟ್ರಿ ತೆಗ್ದಿರ್, ದೊಡ್ಡಪ್ಪ."

"ಭಾಗವತ್ರ್ ಹೋದ್ರಾ?"

ಹೋಗಿರಲಿಲ್ಲ. ನನ್ನ ಹಿಂದೆಯೇ ಕೊಡೆ ಹಿಡಿದು ಬಂದಿದ್ದರು. ದೊಡ್ಡಪ್ಪ ತಲೆ ತಗ್ಗಿಸಿದ. "ತಪ್ಪಾಯ್ತ್ ಭಾಗವತ್ರೆ. ಅವ ಹೇಳದ್ದ್ ಚಾದ ವಿಷ್ಯ."

"ಎಂತ ತಪ್ಪ್?" ಎಂದರು ಭಾಗವತರು. "ನಾನೂ ಎರ್ಡೇ ಸಾಲ್ ಹಾಡುದ್. ಚಾ ತಣ್ಣಗಾಯ್ತ್ ಅಂಬುದ್ ಪದ್ಯ. ನೀ ಹೇಳದ್ದ್ ಅರ್ಥ. ಬಪ್ಪ ವಾರ ರಾಜನ್ ಪಾತ್ರ ನಿಂದೇ. ಆರೆ ದಮ್ಮಯ್ಯ, ಬೆಳ್ಗಾಪ್ದ್ರೊಳ್ಗೆ ಮುಗ್ಸ್."

ಮುಂದಿನ ವಾರ ದೊಡ್ಡಪ್ಪ ರಾಜನಾದ. ಕಥೆಯ ಪ್ರಕಾರ ಬೇಗ ಸೋಲಬೇಕಾದ ರಾಜ. ಎಷ್ಟು ಹೊತ್ತಾದರೂ ಸೋಲಲು ಒಪ್ಪದೆ ಮಾತಾಡಿದ್ದರಿಂದ ಭಾಗವತರು ಮತ್ತೆ ತಾಳ ಬಡಿಯಬೇಕಾಯಿತು. ಈ ಬಾರಿ ಜನ, "ಹೇಳ್ಲಿ ಬಿಡಿ" ಎಂದು ಕೂಗಿದರು.

ಈಗ ಅಜ್ಜಿ ಇಲ್ಲ, ದೊಡ್ಡಪ್ಪನೂ ಇಲ್ಲ. ನಾನು ಕುಂದಾಪುರದಲ್ಲಿದ್ದೇನೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೊರಿಯಾದ ಧಾರಾವಾಹಿ ನೋಡುವ ನನ್ನ ಮಗಳಿಗೆ ಯಾವ ಮಾತೂ ಅರ್ಥವಾಗದೆ ಉಳಿಯುವುದಿಲ್ಲ, ಎಲ್ಲವೂ ಅಡಿಯಲ್ಲಿ ಬರೆದು ಬರುತ್ತದೆ. ನಾವು ಒಂದು ಪಿಚ್ಚರಿಗೆ ಕೇರಿಗೆ ಕೇರಿಯೇ ಸೇರುತ್ತಿದ್ದೆವು. ಈಗ ಒಂದೇ ಸೋಫಾದಲ್ಲಿ ಕೂತ ಇಬ್ಬರು ಎರಡು ಪಿಚ್ಚರ್ ನೋಡುತ್ತೇವೆ. ಅನುಕೂಲವೇನೋ ಹೌದು, ಆದರೆ ಹಪ್ಪಳ ಕಟ್ಟಿಕೊಂಡು ಯಾರೂ ಬರುವುದಿಲ್ಲ.

ಮೊನ್ನೆ ಹುಡುಕುತ್ತ ಹುಡುಕುತ್ತ ಆ ಕಪ್ಪುಬಿಳುಪು ಪಿಚ್ಚರ್ ಸಿಕ್ಕಿತು. ಕೊನೆಯವರೆಗೆ ನೋಡಿದೆ. ಮುದುಕ ಚಾಪೆಯ ಮೇಲೆ ಕೂತ, ಮಗಳ ಮುಖ ನೋಡಿದ, ಎರಡು ಮಾತು ಆಡಿದ. ಅಡಿಯಲ್ಲಿ ಚಹಾದ ಸಾಲು ಬಂತು. ನಾನು ಕಾದೆ. ಒಲೆ ಬರಲಿಲ್ಲ, ಬೆಕ್ಕು ಬರಲಿಲ್ಲ, ಮುಂದಿನ ದೃಶ್ಯ ಬಂದೇಬಿಟ್ಟಿತು.

ಮಗಳು ಇಯರ್‌ಫೋನು ತೆಗೆದು ನನ್ನ ಒದ್ದೆ ಕಣ್ಣನ್ನೇ ನೋಡುತ್ತಿದ್ದಳು.

"ಎಂತಕ್ಕಮ್ಮಾ ಮರ್ಕುದ್? ಅವ ಎಂತ ಹೇಳ್ದ?"

"ಚಾ ತಣ್ಣಗಾಯ್ತ್ ಅಂಬ್ರ್ ಮಗಾ" ಎಂದೆ.