ನೋರಾ ಅವರಲ್ಲಿ ಉಳಿದಿದ್ದ ಐರಿಷ್ ಪದ

ಕೋವಿಡ್ ನಿರ್ಬಂಧಗಳು ಸಡಿಲವಾದ ವರ್ಷ ನಾನು ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಪುನರ್ವಸತಿ ಕೇಂದ್ರವೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ.

ಆ ಚಳಿಗಾಲದಲ್ಲಿ ನೋರಾ ಎಂಬ ಎಂಬತ್ತು ದಾಟಿದ ಐರಿಷ್ ಮಹಿಳೆ ದಾಖಲಾದರು. ಅವರ ಬಾಯಲ್ಲಿ ಉಳಿದಿದ್ದು ಒಂದೇ ತೊದಲು ಮಾತು. ನರ್ಸ್‌ಗಳಿಗೆ ಅದರ ಕೊನೆಯ ಭಾಗ ‘ಆರ್ಮ್’ ಎಂದು ಕೇಳಿಸಿತು. ತೋಳು ನೋಯುತ್ತಿರಬೇಕೆಂದು ಮಾತ್ರೆ ಕೊಟ್ಟರು, ಎಕ್ಸ್-ರೇ ತೆಗೆಸಿದರು. ಕೊನೆಗೆ ಧಾರವಾಡ ಮೂಲದ ಡಾ. ಪಾಟೀಲರು ನನ್ನನ್ನು ಕರೆದರು.

“ತೋಳಿಗೇನೂ ಆಗಿಲ್ರಿ ಮೇಡಂ. ಮಗಳು ಬಂದಾಗಷ್ಟ ಜಾಸ್ತಿ ಅಂತಾರ, ಅಳ್ತಾರ. ನೀವೊಮ್ಮೆ ಚೆಕ್ ಮಾಡ್ರಿ.”

ಮಗಳು ಮೌರೀನ್ ಪ್ರತಿ ಶನಿವಾರ ಮಿಷಿಗನ್‌ನ ಲಿವೋನಿಯಾದಿಂದ ನಾಲ್ಕೈದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಅಷ್ಟು ದೂರ ಬಂದವರು ಮಂಚದಿಂದ ದೂರ, ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದರು. ತಾಯಿ ಬಾಲ್ಯದಲ್ಲಿ ಯಾವ ಭಾಷೆ ಆಡುತ್ತಿದ್ದರೆಂದು ಕೇಳಿದೆ.

“ಐರಿಷ್. ನಮ್ಮ ಜೊತೆ ಯಾವತ್ತೂ ಆಡಲಿಲ್ಲ” ಎಂದರು.

ಅವರ ಒಪ್ಪಿಗೆ ಪಡೆದು ನೋರಾ ಅವರ ಮಾತನ್ನು ರೆಕಾರ್ಡ್ ಮಾಡಿ, ಪರಿಚಯದ ಐರಿಷ್ ಶಿಕ್ಷಕರೊಬ್ಬರಿಗೆ ಕೇಳಿಸಿದೆ. ಅದು ‘ಬ್ರೋನ್ ಒರಮ್’ ಎಂದರು ಅವರು. ಬ್ರೋನ್ ಎಂದರೆ ದುಃಖ. ಬಹಳ ಹಳೆಯ ಪದ, ವೆಲ್ಷ್ ಭಾಷೆಯಲ್ಲೂ ಇದರ ಸೋದರ ಪದವಿದೆ. ಒರಮ್ ಎಂದರೆ ನನ್ನ ಮೇಲೆ. ಕನ್ನಡದಲ್ಲಿ ದುಃಖ ನಮಗೆ ಆಗುತ್ತದೆ, ಐರಿಷ್‌ನಲ್ಲಿ ಅದು ನಮ್ಮ ಮೇಲೆ ಇರುತ್ತದೆ. ‘ನಿನ್ನ ಮೇಲೆ’ ಎನ್ನಲು ಒರ್ತ್, ‘ನಮ್ಮ ಮೇಲೆ’ ಎನ್ನಲು ಒರಿನ್. ಕ್ಷಮೆ ಕೇಳುವುದಕ್ಕೂ ಇದೇ ಮಾತು.

ಇದನ್ನೆಲ್ಲ ಮೌರೀನ್‌ಗೆ ತಿಳಿಸಿದೆ.

“ನಾನು ಚರ್ಚಿನ ಒಪ್ಪಿಗೆಯಿಲ್ಲದೆ ಮದುವೆಯಾದೆ ಅಂತ ಅಮ್ಮನಿಗೆ ಸಿಟ್ಟು. ನನ್ನ ಹಸುಗೂಸು ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ. ಈಗ ಬರೀ ದುಃಖ ಅಂತಿದಾಳಾ, ಕ್ಷಮಿಸು ಅಂತಿದಾಳಾ?”

ಇಂಥ ರೋಗಿಗಳು ಒಂದೇ ಮಾತನ್ನು ಯಾಂತ್ರಿಕವಾಗಿ, ಅರ್ಥವಿಲ್ಲದೆಯೂ ಹೇಳುವುದುಂಟು. ಅದನ್ನು ಮುಚ್ಚಿಡದೆ ಹೇಳಿದೆ.

ಮುಂದಿನ ಶನಿವಾರ ಮೌರೀನ್ ಒಂದು ಐರಿಷ್ ಪ್ರಶ್ನೆ ಕಲಿತು ಬಂದಿದ್ದರು. ತಾಯಿಯ ಹತ್ತಿರ ನಿಂತು, ತಡವರಿಸುತ್ತ, ನಿನ್ನ ಮೇಲೆ ದುಃಖವಿದೆಯೇ ಎಂದು ಕೇಳಿದರು: “ಅನ್ ವಿಲ್ ಬ್ರೋನ್ ಒರ್ತ್?”

ನೋರಾ ಮಗಳ ಮುಖವನ್ನೇ ನೋಡಿದರು. ಅಲ್ಲವೆಂಬಂತೆ ತಲೆಯಾಡಿಸಿ, ಕಷ್ಟಪಟ್ಟು ಬಾಯಿ ತೆರೆದರು.

“ಒರಿನ್.”

ಯಾಂತ್ರಿಕವಾಗಿ ಬರುವ ಮಾತು ಹೀಗೆ ರೂಪ ಬದಲಿಸುವುದಿಲ್ಲ. ನಮ್ಮ ಮೇಲೆ, ಇಬ್ಬರ ಮೇಲೂ, ಎನ್ನುತ್ತಿದ್ದಾರೆ ಎಂದೆ. ಮೌರೀನ್ ಮಂಚದ ಅಂಚಿಗೆ ಹಣೆಯಿಟ್ಟು ಅತ್ತುಬಿಟ್ಟರು. ತಾಯಿಯ ಸ್ವಾಧೀನವಿದ್ದ ಕೈ ಅವರ ತಲೆಯ ಮೇಲಿತ್ತು.

ಅವರಿಬ್ಬರಿಗೆ ಮತ್ತೊಂದು ಶನಿವಾರ ಸಿಗಲಿಲ್ಲ. ಎರಡನೆಯ ಸಲ ಪಾರ್ಶ್ವವಾಯು ಬಡಿದು ನೋರಾ ತೀರಿಕೊಂಡರು.

“ಇನ್ನೂ ಎಷ್ಟೊಂದು ಕೇಳೋದಿತ್ತು” ಎಂದರು ಮೌರೀನ್, ತಾಯಿಯ ಬಟ್ಟೆಗಳನ್ನು ಒಯ್ಯುವಾಗ. ನಾನು ಕಾರಿನವರೆಗೆ ಅವರ ಜೊತೆ ನಡೆದೆ, ಅಷ್ಟೆ.

ಈಗ ಹೊಸ ರೋಗಿ ಬಂದರೆ ಯಾವ ಪರೀಕ್ಷೆಗೂ ಮೊದಲು ಅವರ ಮಕ್ಕಳನ್ನು ಕೇಳುತ್ತೇನೆ: ಇವರ ತಾಯಿ ಇವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು? ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಯಾರಿಗಾದರೂ ಫೋನ್ ಮಾಡಿ ಕೇಳಲು ಹೊರಗೆ ಹೋಗುತ್ತಾರೆ. ನಾನು ಕಾಯುತ್ತೇನೆ.